ಎತ್ತರ ಮಾಡಿದ ಪಿಕಪ್ ನಡುಗುತ್ತಿದೆಯಾ? ಮುಂದಿನ ಸಸ್ಪೆನ್ಷನ್ ಮತ್ತು ಡ್ರೈವ್‌ಶಾಫ್ಟ್‌ನಲ್ಲಿ ದೋಷ ಹುಡುಕುವ ಬಗೆ

ಲಿಫ್ಟ್ ಕಿಟ್ (ಗಾಡಿಯನ್ನು ಎತ್ತರಿಸುವ ಬಿಡಿಭಾಗಗಳು) ಹಾಕಿಸಿದವರ ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. "ಎತ್ತರ ಮಾಡಿದ ಮೇಲೆ ಗಾಡಿ ನಡುಗುತ್ತಿದೆ." ನಾನು ವಾಪಸ್ ಕೇಳೋದೂ ಒಂದೇ ಪ್ರಶ್ನೆ. ನಡುಕ ಶುರುವಾಗಿದ್ದು ಎತ್ತರ ಮಾಡಿದ ದಿನವಾ, ಆಮೇಲೆ ಅಲೈನ್‌ಮೆಂಟ್ ಸರಿ ಮಾಡಿಸಿದ ದಿನವಾ? ಹೆಚ್ಚಿನವರು ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಅವರಿಗೆ ಎರಡೂ ಒಂದೇ ಕೆಲಸವಾಗಿ ಕಂಡಿರುತ್ತದೆ. ಆದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ನನ್ನದೇ ಗಾಡಿಯ ಕಥೆ ಕೇಳಿ. ಮುಂದೆ ಸಾಲಿಡ್ ಆ್ಯಕ್ಸಲ್, ಅಂದರೆ ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಅಚ್ಚು. ಅದನ್ನು ಹಿಡಿದಿರುವುದು ಎರಡು ರೇಡಿಯಸ್ ಆರ್ಮ್ (ಆ್ಯಕ್ಸಲ್‌ನಿಂದ ಹಿಂದಕ್ಕೆ ಚಾಸಿಗೆ ಹೋಗುವ ಗಟ್ಟಿ ತೋಳುಗಳು). ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ ಟ್ರಾನ್ಸ್‌ಫರ್ ಕೇಸ್, ಅಲ್ಲಿಂದ ಆ್ಯಕ್ಸಲ್‌ಗೆ ಶಕ್ತಿ ಒಯ್ಯುವ ತಿರುಗು ದಂಡ ಡ್ರೈವ್‌ಶಾಫ್ಟ್. ಮುಂದಿನ ಡ್ರೈವ್‌ಶಾಫ್ಟ್‌ಗೆ ಟ್ರಾನ್ಸ್‌ಫರ್ ಕೇಸ್ ಕಡೆ ಡಬಲ್ ಕಾರ್ಡನ್ ಜಾಯಿಂಟ್ (ಎರಡು ಯು-ಜಾಯಿಂಟ್ ಜೋಡಿಸಿದ್ದು), ಆ್ಯಕ್ಸಲ್ ಕಡೆ ಒಂದೇ ಯು-ಜಾಯಿಂಟ್ (ದಂಡ ಓರೆಯಾಗಿದ್ದರೂ ತಿರುಗಲು ಬಿಡುವ ಮಡಚು ಕೀಲು). ಗಾಡಿಯನ್ನು 100 ಮಿ.ಮೀ. ಎತ್ತರ ಮಾಡಿದೆ. ಮೊದಲ ದಿನ ನಡುಕವೇನೂ ಇರಲಿಲ್ಲ. ಆದರೆ ಸ್ಟೇರಿಂಗ್ ಅಲೆದಾಡುತ್ತಿತ್ತು. ನೇರ ರಸ್ತೆಯಲ್ಲೂ ಸುಮ್ನೆ ತಿದ್ದುತ್ತಲೇ ಇರಬೇಕು. ಒಂದು ಲಾರಿ ಪಕ್ಕದಲ್ಲಿ ಹೋದರೆ ಗಾಡಿ ಅತ್ತ ವಾಲುತ್ತಿತ್ತು. ಕ್ಯಾಸ್ಟರ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಮ್ಮಿಯಾಗಿದೆ ಅಂತ ಗೊತ್ತಾಯಿತು. ಆರ್ಮ್‌ಗಳಿಗೆ ಓರೆ ತೂತಿನ ಬುಷ್ (ಬೋಲ್ಟಿನ ಸುತ್ತ ಕೂರುವ ರಬ್ಬರ್ ಒಳಪದರ) ಹಾಕಿ 5 ಡಿಗ್ರಿ ಸರಿ ಮಾಡಿದೆ. ಸ್ಟೇರಿಂಗ್ ಹೊಸ ಗಾಡಿಯಂತಾಯಿತು. ಅದೇ ಸಂಜೆ 75 ಕಿ.ಮೀ. ವೇಗ ದಾಟಿದ ಕೂಡಲೇ ಕಾಲಡಿಯ ತಗಡು ಗುಂಯ್ ಅನ್ನತೊಡಗಿತು.

ಆಮೇಲೆ ಮಾಡಿದ್ದೆಲ್ಲ ದಡ್ಡತನ. ಟೈರ್ ಬ್ಯಾಲೆನ್ಸ್ ಎರಡು ಸಲ ಮಾಡಿಸಿದೆ. ಶಾಫ್ಟ್ ಬ್ಯಾಲೆನ್ಸ್ ಮಾಡಿಸಿದೆ. ಚೆನ್ನಾಗಿಯೇ ಇದ್ದ ಜಾಯಿಂಟ್ ಕಿತ್ತು ಹೊಸದು ಹಾಕಿದೆ. ಅಳತೆ ಮಾತ್ರ ತೆಗೆದುಕೊಳ್ಳಲಿಲ್ಲ. ಅದನ್ನು ಮೊದಲೇ ಮಾಡಿದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು.

ನಡುಕ ಯಾವ ಜಾತಿಯದು

ಮೊದಲು ಎಂಜಿನ್ ಅನ್ನು ಲೆಕ್ಕದಿಂದ ತೆಗೆಯಿರಿ. ನಡುಕ ಬರುವ ವೇಗದಲ್ಲೇ ಗಾಡಿ ಓಡಿಸುತ್ತ ಒಂದು ಗೇರ್ ಕೆಳಗೆ ಹಾಕಿ. ವೇಗ ಅಷ್ಟೇ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತದೆ. ನಡುಕ ಬದಲಾಗದಿದ್ದರೆ ಅದು ಚಕ್ರದ್ದೋ ಶಾಫ್ಟಿನದೋ. ಬದಲಾದರೆ ಎಂಜಿನ್ ಮೌಂಟ್ ನೋಡಿ. ಸೈಲೆನ್ಸರ್ ಪೈಪ್ ಎಲ್ಲಾದರೂ ತಾಗುತ್ತಿದೆಯಾ ಅಂತಲೂ ನೋಡಿ. ಎತ್ತರ ಮಾಡಿದ ಗಾಡಿಯಲ್ಲಿ ಆ್ಯಕ್ಸಲ್ ಕೆಳಗೆ ಜೋತಾಗ ಶಾಫ್ಟೇ ಹೋಗಿ ಪೈಪಿಗೆ ಉಜ್ಜುವುದೂ ಉಂಟು. ಪೈಪಿನ ಮೇಲೆ ಹೊಳೆಯುವ ಗೆರೆ ಬಿದ್ದಿರುತ್ತದೆ.

ಚಕ್ರವೋ ಶಾಫ್ಟೋ ಅನ್ನುವುದನ್ನು ಲೆಕ್ಕ ಹಾಕಿ ತಿಳಿಯಬಹುದು. 33 ಇಂಚಿನ ಟೈರ್ ಒಂದು ಸುತ್ತಿಗೆ ಸುಮಾರು 2.63 ಮೀಟರ್ ಹೋಗುತ್ತದೆ. 80 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 22.2 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ 8.4 ಸುತ್ತು ಹಾಕುತ್ತದೆ. ಆ್ಯಕ್ಸಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಹಾಕುವ ಸುತ್ತು) 3.73 ಇದ್ದರೆ ಶಾಫ್ಟ್ ಸೆಕೆಂಡಿಗೆ ಸುಮಾರು 31.5 ಸುತ್ತು. ಓರೆಯಾಗಿ ತಿರುಗುವ ಯು-ಜಾಯಿಂಟ್ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿಸಿ ಇಳಿಸುತ್ತದೆ. ಹಾಗಾಗಿ ಅದರ ನಡುಕ ಸೆಕೆಂಡಿಗೆ 63 ಸಲ.

ಈ ಮೂರನ್ನೂ ಮೈಯಲ್ಲೇ ಬೇರೆ ಬೇರೆಯಾಗಿ ಗುರುತಿಸಬಹುದು. 8 ಸಲದ್ದು ಕುಲುಕಾಟ. ಸ್ಟೇರಿಂಗ್ ಕುಣಿಯುತ್ತದೆ, ಕನ್ನಡಿಯಲ್ಲಿ ಹಿಂದಿನ ಗಾಡಿ ಅಲುಗುವುದು ಕಾಣುತ್ತದೆ. ಅದು ಟೈರ್, ರಿಮ್ ಅಥವಾ ಹಬ್ (ಚಕ್ರದ ನಡುಗುಂಬ). 31 ಸಲದ್ದು ಸೀಟು ಮತ್ತು ನೆಲದಲ್ಲಿ ಅದುರುವುದು. ಅದು ಶಾಫ್ಟ್ ಬಾಗಿದ್ದೋ, ಬ್ಯಾಲೆನ್ಸ್ ತಪ್ಪಿದ್ದೋ. 63 ಸಲದ್ದು ನಡುಕಕ್ಕಿಂತ ಜಾಸ್ತಿ ಸದ್ದು. ದೊಡ್ಡ ದುಂಬಿ ನೆಲದಡಿ ಸಿಕ್ಕಿಕೊಂಡ ಹಾಗೆ. ಅದು ಜಾಯಿಂಟಿನ ಕೋನ. ಫೋನಿನಲ್ಲಿ ಕಂಪನ ಅಳೆಯುವ ಆ್ಯಪ್ ಇದ್ದರೆ ಸೀಟಿನ ಕಂಬಿಗೆ ಒತ್ತಿ ಹಿಡಿದು ಅಂಕಿ ನೋಡಿ. ಪಕ್ಕದವರ ಕೈಯಲ್ಲಿ ನೋಡಿಸಿ, ನೀವು ರಸ್ತೆ ನೋಡಿ.

ಶಾಫ್ಟ್ ಬಿಚ್ಚಿ ಒಂದು ಸುತ್ತು

ನನಗೆ ಇದಕ್ಕಿಂತ ನಂಬಿಕೆಯ ಪರೀಕ್ಷೆ ಇನ್ನೊಂದಿಲ್ಲ. ಮುಂದಿನ ಹಬ್‌ಗಳಿಗೆ, ಚಕ್ರವನ್ನು ಆ್ಯಕ್ಸಲ್‌ನಿಂದ ಬಿಡಿಸಲು ಕೈಯಿಂದ ತಿರುಗಿಸುವ ಲಾಕ್ ಇದ್ದರೆ ಸ್ಪ್ಯಾನರೂ ಬೇಡ. ಲಾಕ್ ಬಿಟ್ಟು ಟೂ ವೀಲ್ ಡ್ರೈವ್‌ನಲ್ಲಿ ಓಡಿಸಿ. ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ. ನಡುಕ ನಿಂತರೆ ಕಳ್ಳ ಸಿಕ್ಕಿದ ಹಾಗೆ.

ಹಬ್ ಲಾಕ್ ಇಲ್ಲದಿದ್ದರೆ ಶಾಫ್ಟ್ ಬಿಚ್ಚಬೇಕು. ಚಕ್ರಗಳಿಗೆ ಅಡೆ ಕೊಡಿ. ಗಾಡಿಯನ್ನು ಜಾಕ್ ಮೇಲೆ ಬಿಟ್ಟು ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. ಬಿಚ್ಚುವ ಮೊದಲು ಶಾಫ್ಟ್, ಯೋಕ್ (ಜಾಯಿಂಟ್ ಹಿಡಿಯುವ ಕವಲು), ಫ್ಲ್ಯಾಂಜ್ (ಬೋಲ್ಟ್ ಹಾಕುವ ಚಪ್ಪಟೆ ಬಿಲ್ಲೆ) ಮೂರಕ್ಕೂ ಬಿಳಿ ಪೇಂಟಿನಲ್ಲಿ ಗೆರೆ ಎಳೆಯಿರಿ. ಜಾಯಿಂಟಿನ ಎರಡು ಕಪ್ ಹೊರಗೆ ಬಂದ ತಕ್ಷಣ ಅವಕ್ಕೆ ಟೇಪ್ ಸುತ್ತಿ. ಇಲ್ಲದಿದ್ದರೆ ಕಪ್ ಜಾರಿ ಬಿದ್ದು, ಒಳಗಿನ ಸೂಜಿ ಬೇರಿಂಗ್ ಮಣ್ಣಲ್ಲಿ ಚೆಲ್ಲುತ್ತವೆ. ಒಂದು ಸೂಜಿ ಕಮ್ಮಿಯಾದರೂ ಆ ಜಾಯಿಂಟ್ ಹಾಕುವಂತಿಲ್ಲ.

ಎರಡು ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ಶಾಫ್ಟಿನ ತುದಿಯೇ ಟ್ರಾನ್ಸ್‌ಫರ್ ಕೇಸಿನ ಒಳಕ್ಕೆ ಹೋಗಿರುತ್ತದೆ. ಅದನ್ನು ಎಳೆದರೆ ಎಣ್ಣೆ ಸುರಿಯುತ್ತದೆ, ಹಾಗೇ ಓಡಿಸುವಂತಿಲ್ಲ. ಇನ್ನು ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಮುಂದಿನ ಶಾಫ್ಟ್ ತೆಗೆದು, ನಡುವಿನ ಡಿಫರೆನ್ಷಿಯಲ್ ಲಾಕ್ ಮಾಡದಿದ್ದರೆ ಗಾಡಿ ಮುಂದಕ್ಕೇ ಹೋಗುವುದಿಲ್ಲ.

ಶಾಫ್ಟ್ ತೆಗೆದ ಮೇಲೂ ನಡುಕ ಹಾಗೇ ಇದ್ದರೆ ಮುಂದಿನ ಶಾಫ್ಟನ್ನು ಬೈಯಬೇಡಿ. ಟೈರ್, ಬ್ರೇಕ್ ಡಿಸ್ಕ್, ಹಬ್ ನೋಡಿ. ಹಿಂಭಾಗವನ್ನೂ ಎತ್ತರ ಮಾಡಿದ್ದರೆ ಹಿಂದಿನ ಶಾಫ್ಟಿನ ಕೋನವೂ ಬದಲಾಗಿರುತ್ತದೆ. ಜನ ಅದನ್ನು ಮರೆಯುತ್ತಾರೆ.

ಕೋನ ಅಳೆಯುವುದು

ಬೇಕಾದ್ದು ಆಯಸ್ಕಾಂತ ಇರುವ ಡಿಜಿಟಲ್ ಕೋನಮಾಪಕ ಒಂದೇ. ಗಾಡಿ ಸಮ ನೆಲದ ಮೇಲೆ ಚಕ್ರದ ಮೇಲೇ ನಿಂತಿರಬೇಕು. ಬಂಪರ್ ಹಿಡಿದು ನಾಲ್ಕೈದು ಸಲ ಕುಲುಕಿ ಬಿಡಿ, ಸ್ಪ್ರಿಂಗ್ ತನ್ನ ಜಾಗಕ್ಕೆ ಕೂರಲಿ. ಆ್ಯಕ್ಸಲ್ ಜೋತು ಬಿದ್ದ ಸ್ಥಿತಿಯಲ್ಲಿ ಅಳೆದ ಕೋನಕ್ಕೆ ಬೆಲೆ ಇಲ್ಲ. ಅದೇ ಕಾರಣಕ್ಕೆ, ಗಾಡಿಯನ್ನು ಎತ್ತಿ ನಿಲ್ಲಿಸಿ ಗೇರಿಗೆ ಹಾಕಿ "ನೋಡು, ನಡುಗುತ್ತೆ" ಅನ್ನುವುದರಲ್ಲೂ ಅರ್ಥವಿಲ್ಲ. ಅಪಾಯ ಬೇರೆ.

ಮೂರು ಕಡೆ ಅಳೆಯಿರಿ: ಟ್ರಾನ್ಸ್‌ಫರ್ ಕೇಸಿನ ಫ್ಲ್ಯಾಂಜ್, ಶಾಫ್ಟಿನ ಕೊಳವೆ, ಪಿನಿಯನ್‌ನ (ಆ್ಯಕ್ಸಲ್ ಒಳಕ್ಕೆ ಶಕ್ತಿ ಒಯ್ಯುವ ಗೇರ್ ದಂಡ) ಯೋಕ್. ಮಾಪಕ ಇಡುವ ಜಾಗದ ಮಣ್ಣು, ಉಬ್ಬಿದ ಪೇಂಟ್ ಕೆರೆದು ತೆಗೆಯಿರಿ. ಫ್ಲ್ಯಾಂಜಿನ ಮುಖ ನೇರ ನಿಂತಿರುತ್ತದೆ, ಹಾಗಾಗಿ ಅಲ್ಲಿ ಸಿಕ್ಕಿದ ಅಂಕಿಯನ್ನು 90ರಿಂದ ಕಳೆಯಬೇಕು. ನಮಗೆ ಬೇಕಾದ್ದು ಒಂದೊಂದರ ಕೋನ ಅಲ್ಲ, ಅವುಗಳ ನಡುವಿನ ವ್ಯತ್ಯಾಸ. ಜಾಯಿಂಟ್ ಮಡಚಿಕೊಂಡು ಕೆಲಸ ಮಾಡುವುದು ಆ ವ್ಯತ್ಯಾಸದಲ್ಲಿ.

ಇನ್ನು ಯಾವ ಶಾಫ್ಟ್ ಅನ್ನುವುದು ಮುಖ್ಯ. ಎರಡೂ ತುದಿಯಲ್ಲಿ ಒಂದೊಂದೇ ಯು-ಜಾಯಿಂಟ್ ಇದ್ದರೆ ಟ್ರಾನ್ಸ್‌ಫರ್ ಕೇಸಿನ ದಂಡವೂ ಪಿನಿಯನ್ನೂ ಸಮಾಂತರ ಇರಬೇಕು. ಮೇಲಿನ ಜಾಯಿಂಟ್ ಎಬ್ಬಿಸಿದ ಏರಿಳಿತವನ್ನು ಕೆಳಗಿನದು ಅಳಿಸುತ್ತದೆ. ಎರಡು ಕೋನಗಳ ನಡುವೆ 1 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಮೇಲೆ ಡಬಲ್ ಕಾರ್ಡನ್ ಇದ್ದರೆ ಲೆಕ್ಕ ಬೇರೆ. ಅದು ತನ್ನ ಏರಿಳಿತವನ್ನು ತಾನೇ ಅಳಿಸಿಕೊಳ್ಳುತ್ತದೆ. ಹಾಗಾಗಿ ಕೆಳಗಿನ ಒಂಟಿ ಜಾಯಿಂಟ್ ಹೆಚ್ಚುಕಮ್ಮಿ ನೇರ ಇರಬೇಕು, ಪಿನಿಯನ್‌ನ ಮೂಗು ಶಾಫ್ಟಿನ ಕಡೆಗೇ ನೋಡುತ್ತಿರಬೇಕು. ಪೂರ್ತಿ ಸೊನ್ನೆಯೂ ಬೇಡ. ಸೂಜಿ ಬೇರಿಂಗ್ ಒಂದಿಷ್ಟಾದರೂ ಉರುಳಬೇಕು, ಇಲ್ಲದಿದ್ದರೆ ಅದೇ ಜಾಗದಲ್ಲಿ ಗುಳಿ ಬೀಳುತ್ತದೆ. 1 ಡಿಗ್ರಿ ಒಳ್ಳೆಯದು, 3ರ ಒಳಗೆ ನಡೆಯುತ್ತದೆ.

ನನ್ನ ಗಾಡಿಯಲ್ಲಿ ಶಾಫ್ಟ್ 15.7, ಪಿನಿಯನ್ 9.6. ವ್ಯತ್ಯಾಸ 6.1 ಡಿಗ್ರಿ. ಎರಡರ ಮೂರು ಪಟ್ಟು ಆರು, ಆದರೆ ನಡುಕ ಮೂರು ಪಟ್ಟಲ್ಲ. ವೇಗದ ಏರಿಳಿತ ಕೋನದ ವರ್ಗಕ್ಕೆ ತಕ್ಕಂತೆ ಏರುತ್ತದೆ. 2 ಡಿಗ್ರಿಗೆ ಹೋಲಿಸಿದರೆ 6 ಡಿಗ್ರಿಯಲ್ಲಿ ಅದು ಒಂಬತ್ತು ಪಟ್ಟು.

ಕ್ಯಾಸ್ಟರ್, ಪಿನಿಯನ್ ಎರಡೂ ಒಂದೇ ಕಬ್ಬಿಣ

ಇಡೀ ಗೋಜಲು ಇರುವುದು ಇಲ್ಲಿ, ನಿಧಾನವಾಗಿ ಹೇಳುತ್ತೇನೆ.

ಶಾಫ್ಟಿನ ಉದ್ದ 900 ಮಿ.ಮೀ. ಅಂದುಕೊಳ್ಳಿ. ಮೊದಲು ಟ್ರಾನ್ಸ್‌ಫರ್ ಕೇಸಿನ ತುದಿ ಪಿನಿಯನ್‌ಗಿಂತ 150 ಮಿ.ಮೀ. ಮೇಲಿತ್ತು. ಆಗ ಶಾಫ್ಟಿನ ಓರೆ 9.6 ಡಿಗ್ರಿ. ಗಾಡಿ 100 ಮಿ.ಮೀ. ಎದ್ದರೆ ಆ ಎತ್ತರ 250 ಆಗುತ್ತದೆ, ಓರೆ 15.7. ಅಂದರೆ 6 ಡಿಗ್ರಿ ಹೆಚ್ಚಾಯಿತು.

ಈಗ ರೇಡಿಯಸ್ ಆರ್ಮ್ ನೋಡಿ. ಅದರ ಮುಂದಿನ ತುದಿ ಆ್ಯಕ್ಸಲ್ ಅನ್ನು ಬಿಗಿಯಾಗಿ ಹಿಡಿದಿದೆ, ಹಿಂದಿನ ತುದಿ ಚಾಸಿಯಲ್ಲಿದೆ. ಚಾಸಿ ಮೇಲೆದ್ದರೆ ಹಿಂದಿನ ತುದಿಯೂ ಮೇಲೆ. ಆರ್ಮ್ ಕೂಡ 900ರ ಆಸುಪಾಸು ಇದ್ದರೆ ಅದೂ 6 ಡಿಗ್ರಿ ತಿರುಗುತ್ತದೆ, ತನ್ನ ಜೊತೆ ಇಡೀ ಆ್ಯಕ್ಸಲ್ ಅನ್ನೂ ತಿರುಗಿಸುತ್ತದೆ. ಆಗ ಪಿನಿಯನ್‌ನ ಮೂಗು ಮೇಲಕ್ಕೆ ಏಳುತ್ತದೆ, ಶಾಫ್ಟ್ ಎಷ್ಟು ಓರೆಯಾಯಿತೋ ಅಷ್ಟೇ. ಜಾಯಿಂಟಿಗೆ ಏನೂ ಆಗಿಲ್ಲ! ಆದರೆ ಚಕ್ರದ ನಕಲ್‌ನ (ಸ್ಟೇರಿಂಗ್ ಜೊತೆ ತಿರುಗುತ್ತ ಚಕ್ರವನ್ನು ಹಿಡಿಯುವ ಭಾಗ) ಮೇಲ್ತುದಿ ಮುಂದಕ್ಕೆ ವಾಲಿತು. 5 ಡಿಗ್ರಿ ಇದ್ದ ಕ್ಯಾಸ್ಟರ್ ಮೈನಸ್ 1ಕ್ಕೆ ಬಂತು. ಸ್ಟೇರಿಂಗ್ ಅಲೆದಾಟ ಬಂದದ್ದು ಅಲ್ಲಿಂದ.

ಕ್ಯಾಸ್ಟರ್ ವಾಪಸ್ ತರಬೇಕೆಂದರೆ ಆ್ಯಕ್ಸಲ್ ಅನ್ನು ಉಲ್ಟಾ ತಿರುಗಿಸಬೇಕು. ನಕಲ್ ಹಿಂದಕ್ಕೆ ವಾಲುತ್ತದೆ, ಪಿನಿಯನ್ ಕೆಳಗೆ ಬಗ್ಗುತ್ತದೆ. ಶಾಫ್ಟ್ ಮಾತ್ರ ಮೊದಲಿನಷ್ಟೇ ಓರೆ. ಬುಷ್ ಕೊಟ್ಟ 5 ಡಿಗ್ರಿಯೂ ನೆಟ್ಟಗೆ ಜಾಯಿಂಟಿನ ತಲೆ ಮೇಲೆ. ಸ್ಟೇರಿಂಗ್ ಗುಣವಾಯಿತು, ನೆಲ ಗುಂಯ್ ಅಂತು. ಎತ್ತರ ಮಾಡಿದ ದಿನ ಇಲ್ಲದ ನಡುಕ ಅಲೈನ್‌ಮೆಂಟ್ ದಿನ ಬಂದದ್ದು ಹೀಗೆ.

"ಆರ್ಮ್ ಇಳಿಸುವ ಬ್ರಾಕೆಟ್ ಹಾಕಿದರೆ ಎಲ್ಲ ಸರಿಹೋಗುತ್ತೆ" ಅಂತ ತುಂಬ ಜನ ಹೇಳುತ್ತಾರೆ. ಅರ್ಧ ನಿಜ. ಬ್ರಾಕೆಟ್ ಆ್ಯಕ್ಸಲ್ ಅನ್ನು ಮೊದಲಿನ ಕೋನಕ್ಕೆ ತರುತ್ತದೆ. ಎರಡೂ ಕಡೆ ಒಂಟಿ ಜಾಯಿಂಟ್ ಇರುವ ಶಾಫ್ಟ್ ಆದರೆ ಸಮಾಂತರ ಮತ್ತೆ ಬರುತ್ತದೆ, ನಿಜಕ್ಕೂ ಗುಣ ಆಗುತ್ತದೆ. ಡಬಲ್ ಕಾರ್ಡನ್ ಇದ್ದರೆ ಬುಷ್ ಹಾಕಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ಟ್ರಾನ್ಸ್‌ಫರ್ ಕೇಸ್ ಇನ್ನೂ ಮೇಲೇ ಇದೆಯಲ್ವಾ?

ಪೂರ್ತಿ ಪರಿಹಾರ ಒಂದಿದೆ. ಆ್ಯಕ್ಸಲ್ ಕೊಳವೆಯ ತುದಿಯ ಬೆಸುಗೆ ಕತ್ತರಿಸಿ, ನಕಲ್ ಹಿಡಿಯುವ ಭಾಗವನ್ನು ಮಾತ್ರ ತಿರುಗಿಸಿ ಮತ್ತೆ ಬೆಸೆಯುವುದು. ಆಗ ಕ್ಯಾಸ್ಟರ್, ಪಿನಿಯನ್ ಎರಡೂ ಬೇರೆ ಬೇರೆಯಾಗಿ ಸರಿಯಾಗುತ್ತವೆ. ಸ್ಟೇರಿಂಗಿನ ಜೀವ ಆ ಬೆಸುಗೆಯಲ್ಲಿರುತ್ತದೆ, ಹಾಗಾಗಿ ಇದು ಮನೆ ಮುಂದೆ ಮಾಡುವ ಕೆಲಸ ಅಲ್ಲ. ಹಬ್ ಲಾಕ್ ಹಾಕಿಸಿ, ರಸ್ತೆಯಲ್ಲಿ ಮುಂದಿನ ಶಾಫ್ಟ್ ತಿರುಗದ ಹಾಗೆ ಮಾಡುವುದು ಇನ್ನೊಂದು ದಾರಿ. ಅದು ಕೋನವನ್ನು ಸರಿ ಮಾಡುವುದಿಲ್ಲ. ಆದರೆ ಮಣ್ಣು ದಾರಿಯಲ್ಲಿ 30ರ ವೇಗಕ್ಕೆ 6 ಡಿಗ್ರಿ ಯಾರಿಗೂ ಗೊತ್ತಾಗುವುದಿಲ್ಲ.

ಟ್ರಾನ್ಸ್‌ಫರ್ ಕೇಸನ್ನೇ ಕೆಳಗಿಳಿಸುವ ಉಪಾಯ ನನಗೆ ಇಷ್ಟವಿಲ್ಲ. ಎಂಜಿನ್ ಸಮೇತ ಎಲ್ಲ ವಾಲುತ್ತದೆ, ಹಿಂದಿನ ಶಾಫ್ಟಿನ ಕೋನ ಕೆಡುತ್ತದೆ.

ಕೋನ ಸರಿ ಇದ್ದೂ ನಡುಗಿದರೆ

ಶಾಫ್ಟ್ ಕೈಗೆ ಬಂದಾಗ ಜಾಯಿಂಟನ್ನು ನಿಧಾನವಾಗಿ ಮಡಚಿ ನೋಡಿ. ಒಳ್ಳೆಯ ಜಾಯಿಂಟ್ ಎಲ್ಲ ಕಡೆ ಒಂದೇ ಬಿಗಿಯಲ್ಲಿ ಹೋಗುತ್ತದೆ. ಕೆಟ್ಟದ್ದು ನಡುವಿನ ಒಂದು ಜಾಗದಲ್ಲಿ ಟಕ್ ಅಂತ ಕಚ್ಚಿ ಕೂರುತ್ತದೆ. ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ಸೂಜಿಗಳು ಗುಳಿ ತೋಡಿವೆ ಅಂತ ಅರ್ಥ. ಕಪ್ಪಿನ ಅಂಚಿನಲ್ಲಿ ಕೆಂಪು ಪುಡಿ ಕಂಡರೆ ಗ್ರೀಸ್ ಒಣಗಿ ಬಹಳ ದಿನ ಆಗಿದೆ. ನಿಧಾನ ಹೋಗುವಾಗ ಚಕ್ರದ ಜೊತೆ ತಾಳ ಹಾಕಿದಂತೆ ಕಿಚ್ ಕಿಚ್ ಸದ್ದು ಬರುವುದೂ ಇದಕ್ಕೇ. ಡಬಲ್ ಕಾರ್ಡನ್‌ನ ನಡುವೆ ಒಂದು ಸಣ್ಣ ಗುಂಡು ಇದೆ. ಕೆಲವು ಶಾಫ್ಟ್‌ಗಳಲ್ಲಿ ಅದರ ಗ್ರೀಸ್ ನಿಪ್ಪಲ್ ಎಷ್ಟು ಒಳಗಿರುತ್ತದೆ ಅಂದರೆ ಸೂಜಿ ಮೂತಿಯ ಗ್ರೀಸ್ ಗನ್ನೇ ಬೇಕು. ಅದು ಬೇಗ ಸವೆಯುವುದು ಅದಕ್ಕೇ, ಯಾರೂ ಅಲ್ಲಿಗೆ ಗ್ರೀಸ್ ಹೊಡೆಯುವುದಿಲ್ಲ.

ಇನ್ನೊಂದು ನನ್ನದೇ ತಪ್ಪು. ಜಾಯಿಂಟ್ ಬದಲಿಸುವಾಗ ಸ್ಪ್ಲೈನ್ (ಶಾಫ್ಟ್ ಉದ್ದವಾಗಲು, ಗಿಡ್ಡವಾಗಲು ಬಿಡುವ ಹಲ್ಲಿನ ಜಾರು ಜೋಡಣೆ) ಬಿಚ್ಚಿದ್ದೆ, ಗುರುತು ಹಾಕಿರಲಿಲ್ಲ. ಮತ್ತೆ ಸೇರಿಸುವಾಗ ಒಂದು ಹಲ್ಲು ಆಚೆ ಕೂರಿತು. ಎರಡೂ ತುದಿಯ ಯೋಕ್ ಒಂದೇ ಸಾಲಿನಲ್ಲಿ ಇರಬೇಕಿತ್ತು, ಇರಲಿಲ್ಲ. ಇದ್ದ ನಡುಕದ ಮೇಲೆ ಇನ್ನೊಂದು ನಡುಕ ಸೇರಿಕೊಂಡಿತು. ಶಾಫ್ಟನ್ನು ನೆಲದ ಮೇಲೆ ಮಲಗಿಸಿ ಒಂದು ತುದಿಯಿಂದ ಕಣ್ಣು ಹಾಯಿಸಿದರೆ ಸಾಕು, ಸೊಟ್ಟಗಿದ್ದರೆ ಕಾಣುತ್ತದೆ.

ಸ್ಪ್ಲೈನ್ ಉದ್ದವನ್ನೂ ನೋಡಿ. ಮೇಲಿನ ಲೆಕ್ಕದಲ್ಲೇ ಶಾಫ್ಟ್ 900ರಿಂದ 922 ಮಿ.ಮೀ. ಆಗಬೇಕು. ಅದು ಗಾಡಿ ಸುಮ್ಮನೆ ನಿಂತಾಗ. ಹಳ್ಳಕ್ಕೆ ಚಕ್ರ ಇಳಿದಾಗ ಇನ್ನೂ ಬೇಕು. ಸ್ಪ್ಲೈನ್ ಮೇಲೆ ಒಂದು ಕೇಬಲ್ ಟೈ ಕಟ್ಟಿ, ಅದರ ಹೊರಗಿನ ಕೊಳವೆಯ ಬಾಯಿಗೆ ತಾಗುವಂತೆ ಸರಿಸಿಡಿ. ಒರಟು ದಾರಿಯಲ್ಲಿ ಹೋಗಿ ಬಂದು ನೋಡಿದರೆ ಒಳಕ್ಕೆ ಎಷ್ಟು ಹೋಗಿದೆ ಅಂತ ಟೈ ತೋರಿಸುತ್ತದೆ. ಹೊರಕ್ಕೆ ಎಷ್ಟು ಬರುತ್ತದೆ ಅನ್ನುವುದಕ್ಕೆ ಮಾತ್ರ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆ್ಯಕ್ಸಲ್ ಪೂರ್ತಿ ಜೋತು ಬಿಟ್ಟು ಅಳೆಯಬೇಕು. ಆಗಲೇ ಬ್ರೇಕ್ ಹೋಸ್, ಎಬಿಎಸ್ ವೈರ್ ಬಿಗಿದು ನಿಂತಿವೆಯಾ ಅಂತಲೂ ಮುಟ್ಟಿ ನೋಡಿ.

ಕೈಯಿಂದ ಸ್ಟೇರಿಂಗ್ ಕಿತ್ತುಕೊಳ್ಳುವ ಕುಣಿತ

70–80ರ ವೇಗದಲ್ಲಿ ಒಂದು ಸಣ್ಣ ಗುಂಡಿ ಹತ್ತಿದ ಕೂಡಲೇ ಮುಂದಿನ ಎರಡೂ ಚಕ್ರ ಹುಚ್ಚು ಹಿಡಿದ ಹಾಗೆ ಎಡಬಲ ಬಡಿದುಕೊಂಡು, ಗಾಡಿ ನಿಧಾನ ಮಾಡುವ ತನಕ ನಿಲ್ಲದಿದ್ದರೆ ಶಾಫ್ಟಿನ ಸುದ್ದಿ ಬಿಟ್ಟುಬಿಡಿ. ಇದು ಸ್ಟೇರಿಂಗ್ ಕಡೆಯದು. ಗಾಡಿ ನಿಂತಿರಲಿ, ಚಕ್ರ ನೆಲದ ಮೇಲಿರಲಿ, ಎಂಜಿನ್ ಓಡುತ್ತಿರಲಿ. ಒಬ್ಬರು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಕಾಲು ಸುತ್ತು ತಿರುಗಿಸುತ್ತಿರಲಿ. ನೀವು ಟ್ರ್ಯಾಕ್ ಬಾರ್‌ನ (ಆ್ಯಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಗೆ ಹಿಡಿಯುವ ಅಡ್ಡ ದಂಡ) ಬೋಲ್ಟಿನ ಮೇಲೆ ಬೆರಳಿಟ್ಟು ನೋಡಿ. ಬಾರ್ ಅಲುಗುವ ಮೊದಲು ಬೋಲ್ಟ್ ಒಂದು ಕೂದಲಷ್ಟು ಜರುಗಿದರೂ ತೂತು ಮೊಟ್ಟೆ ಆಕಾರಕ್ಕೆ ಸವೆದಿದೆ. ಬೋಲ್ಟ್ ಬಿಗಿ ಮಾಡಿದರೆ ಹೋಗುವುದಿಲ್ಲ, ಬ್ರಾಕೆಟ್ ರಿಪೇರಿ ಆಗಬೇಕು. ಬಾಲ್ ಜಾಯಿಂಟ್, ಟೈ ರಾಡ್ ತುದಿಗಳನ್ನೂ ಹೀಗೇ ನೋಡಿ. ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿದರೆ ಕುಣಿತ ಸ್ವಲ್ಪ ದಿನ ಅಡಗುತ್ತದೆ, ಸವೆತ ಮಾತ್ರ ಒಳಗೇ ನಡೆದಿರುತ್ತದೆ.

ಎತ್ತರ ಮಾಡಿದಾಗ ಟ್ರ್ಯಾಕ್ ಬಾರ್ ಆ್ಯಕ್ಸಲ್ ಅನ್ನು ಒಂದು ಪಕ್ಕಕ್ಕೆ ಎಳೆಯುವುದು ಸಹಜ. ಉದ್ದ ಹೊಂದಿಸಬಹುದಾದ ಬಾರ್ ಹಾಕಿ ನಡುವಿಗೆ ತನ್ನಿ. ಅದೂ ಡ್ರ್ಯಾಗ್ ಲಿಂಕೂ (ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ದಂಡ) ಸಮಾಂತರ ಇರಲಿ. ಒಂದರ ತುದಿ ಮಾತ್ರ ಇಳಿಸಿ ಇನ್ನೊಂದನ್ನು ಬಿಟ್ಟರೆ ಪ್ರತಿ ಉಬ್ಬಿಗೂ ಸ್ಟೇರಿಂಗ್ ತಾನೇ ತಿರುಗುತ್ತದೆ.

ಮುಂದೆ ಸಾಲಿಡ್ ಆ್ಯಕ್ಸಲ್ ಇಲ್ಲದಿದ್ದರೆ

ಒಂದೊಂದು ಚಕ್ರ ಬೇರೆ ಬೇರೆಯಾಗಿ ಆಡುವ ಗಾಡಿಯಲ್ಲಿ ನೋವು ತಿನ್ನುವುದು ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ಸಿವಿ ಶಾಫ್ಟ್‌ಗಳು (ಓರೆಯಾಗಿದ್ದರೂ ಒಂದೇ ವೇಗದಲ್ಲಿ ತಿರುಗಿಸುವ ಜಾಯಿಂಟ್ ಇರುವ ದಂಡಗಳು). ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ಮೇಲೆ 25 ಮಿ.ಮೀ. ಸ್ಪೇಸರ್ ಇಟ್ಟರೆ ಚಕ್ರದ ಹತ್ತಿರ ಅದರ ಸುಮಾರು ಎರಡರಷ್ಟು ಎತ್ತರ ಸಿಗುತ್ತದೆ. ಸ್ಪೇಸರಿನ ದಪ್ಪ ನೋಡಿ ಮೋಸ ಹೋಗಬೇಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹಾಕುವಾಗ ಟಕ್ ಟಕ್ ಅಂದರೆ ಹೊರಗಿನ ಜಾಯಿಂಟ್. ನೇರ ಹೋಗುತ್ತ ಆಕ್ಸಿಲರೇಟರ್ ಒತ್ತಿದಾಗ ಮೂತಿ ನಡುಗಿದರೆ ಒಳಗಿನದು. ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜುತ್ತಿದ್ದರೆ ಹರಿಯಲು ಹೆಚ್ಚು ದಿನ ಬೇಡ. ರಿಮ್ ಒಳಮೈ ಮೇಲೆ ಗ್ರೀಸಿನ ಗೆರೆ ಕಂಡರೆ ಆಗಲೇ ಹರಿದಿದೆ. ಡಿಫರೆನ್ಷಿಯಲ್ ಸ್ವಲ್ಪ ಇಳಿಸುವ ಕಿಟ್ ಇವುಗಳ ಕೋನ ತಗ್ಗಿಸುತ್ತದೆ. ಆದರೆ ಅದನ್ನು ಹಾಕಿದ ಮೇಲೆ ಮುಂದಿನ ಡ್ರೈವ್‌ಶಾಫ್ಟಿನ ಕೋನ ಮತ್ತೆ ಅಳೆಯಬೇಕು.

ನನ್ನ ಗಾಡಿ ಕೊನೆಗೆ

ಬೆಸುಗೆ ಕತ್ತರಿಸುವ ಧೈರ್ಯ ಬರಲಿಲ್ಲ. ನನ್ನ ಗಾಡಿಗೆ ಹಬ್ ಲಾಕ್ ಹೊಂದುತ್ತಿರಲಿಲ್ಲ. ಎತ್ತರವನ್ನೇ 100ರಿಂದ 65 ಮಿ.ಮೀ.ಗೆ ಇಳಿಸಿದೆ. ಶಾಫ್ಟಿನ ಓರೆ 13.6ಕ್ಕೆ ಬಂತು. 5 ಡಿಗ್ರಿಯ ಬುಷ್ ತೆಗೆದು 2 ಡಿಗ್ರಿಯದು ಹಾಕಿದೆ. ಪಿನಿಯನ್ 10.6, ಅಂದರೆ ಜಾಯಿಂಟಿನಲ್ಲಿ 3 ಡಿಗ್ರಿ. ಕ್ಯಾಸ್ಟರ್ ಕೂಡ 3. ಎರಡೂ ಪೂರ್ತಿ ಸರಿ ಇಲ್ಲ, ಎರಡೂ ಸಹಿಸುವಷ್ಟಿವೆ. ಆರ್ಮಿನ ಬೋಲ್ಟ್‌ಗಳನ್ನು ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ ಕೊನೆಯ ಬಿಗಿ ಕೊಟ್ಟೆ. ಜೋತಾಗಲೇ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. 150 ಕಿ.ಮೀ. ಓಡಿಸಿ ಎಲ್ಲ ಬೋಲ್ಟಿಗೂ ಮತ್ತೆ ಟಾರ್ಕ್ ರೆಂಚ್ ಹಾಕಿದೆ, ಎರಡು ಬೋಲ್ಟ್ ಮಾತ್ರ ಕಾಲು ಸುತ್ತಿನಷ್ಟು ಬಿಗಿಯಾದವು.

ಈಗ 95 ದಾಟಿದರೆ ಸಣ್ಣಗೆ ಗುಂಯ್ ಇದೆ, ಕಿಟಕಿ ಮುಚ್ಚಿದ್ದರೆ ಮಾತ್ರ ಕೇಳುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ 33 ಇಂಚಿನ ಟೈರ್ ಆರ್ಮಿಗೆ ಸವರುತ್ತಿತ್ತು. ಸ್ಟೇರಿಂಗ್ ಸ್ಟಾಪ್ ಬೋಲ್ಟಿಗೆ ಎರಡೆರಡು ವಾಷರ್ ಸೇರಿಸಿದೆ. ಗಾಡಿ ತಿರುಗಿಸಲು ಮೊದಲಿಗಿಂತ ಒಂದು ಮಾರು ಜಾಗ ಜಾಸ್ತಿ ಬೇಕು.